ರಸೀದಿ ಇದ್ದರೂ ಬಾಕಿ

“ಈಗ ಎಲ್ಲ ಮೊಬೈಲಿನಲ್ಲೇ ಆಗುತ್ತದಲ್ಲ, ಇನ್ನೇನು ತಕರಾರು?” ಎಂದು ಕೇಳುವವರಿಗೆ ಇದು. ನಾನು ಆನ್‌ಲೈನ್ ವಿರೋಧಿಯಲ್ಲ. ಬಾಪನ ಜಿನಸು ಅಂಗಡಿಯ ಗಲ್ಲಾದ ಮೇಲೆ ಕ್ಯೂಆರ್ ಕೋಡ್ ಅಂಟಿಸಿದವನು ನಾನೇ. ಹತ್ತು ರೂಪಾಯಿಯ ಉಪ್ಪಿಗೂ ನಮ್ಮಲ್ಲಿ ಸ್ಕ್ಯಾನ್ ನಡೆಯುತ್ತದೆ.

ಕೇರಳದಲ್ಲಿ ಕೆ-ಸ್ಮಾರ್ಟ್ 2024ರ ಜನವರಿಯಲ್ಲಿ ನಗರಗಳಿಗೆ ಬಂತು, ಮರುವರ್ಷ ಪಂಚಾಯತುಗಳಿಗೂ ಬಂತು. ಅಂಗಡಿ ಕಟ್ಟಡದ ತೆರಿಗೆ ಕಟ್ಟೋಣವೆಂದು ಮೊಬೈಲ್ ತೆರೆದರೆ ಮೂರು ವರ್ಷದ ಬಾಕಿ, ಅದರ ಮೇಲೆ ದಂಡ! ಬಾಪ ಮಾತಾಡಲಿಲ್ಲ. ಒಳಗೆ ಹೋಗಿ ರಸೀದಿ ಚುಚ್ಚಿಟ್ಟ ತಂತಿ ತಂದರು. ಮೂರೂ ವರ್ಷದ ರಸೀದಿ ಇತ್ತು, ಜೀರಿಗೆಯ ವಾಸನೆ ಸಮೇತ.

ಕಚೇರಿಯಲ್ಲಿ ತೋರಿಸಿದರೆ, “ಸಿಸ್ಟಂನಲ್ಲಿ ಕಾಣುವುದಿಲ್ಲ” ಎಂಬ ಉತ್ತರ. ಕಟ್ಟಡದ ನಂಬರ್ ಬದಲಾಗಿತ್ತಂತೆ, ಹಳೆಯ ನಂಬರಿಗೆ ಕಟ್ಟಿದ್ದು ಹೊಸದಕ್ಕೆ ಏರಿಲ್ಲವಂತೆ. ನಂಬರ್ ಬದಲಾಯಿಸಿದವರು ನಾವಾ? ತಪ್ಪು ಅವರದು, ಅಂಗಡಿಗೆ ಬಾಗಿಲು ಹಾಕಿ ಅಲೆಯಬೇಕಾದವರು ನಾವು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಪಂಪಿನಲ್ಲಿ ನೀರು ಹಿಂದೆ ಬಾರದಂತೆ ಒಂದು ವಾಲ್ವ್ ಇರುತ್ತದೆ. ಈ ವ್ಯವಸ್ಥೆಯೂ ಹಾಗೇ. ನಮ್ಮ ಹಣ ಆಚೆ ಹೋಗಲು ಒಂದು ಕ್ಷಣ ಸಾಕು. ಅವರ ತಪ್ಪು ತಿದ್ದಲು ಮಾತ್ರ ಅರ್ಜಿ, ಜೆರಾಕ್ಸ್, ಖುದ್ದು ಹಾಜರಿ. ಆನ್‌ಲೈನ್ ಬಂದ ಮೇಲೆ ಕೈಬಿಸಿ ಮಾಡುವುದು ಕಡಿಮೆಯಾಗುತ್ತದೆ ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಕೈಯಲ್ಲಿ ಬರೆದ ರಿಜಿಸ್ಟರಿನಲ್ಲಿ ತಪ್ಪಿದರೆ ಬೆರಳಿಟ್ಟು ತೋರಿಸಬಹುದಿತ್ತು. ಈಗ ಬೆರಳು ಎಲ್ಲಿಡುವುದು?

ಇನ್ನು ಭಾಷೆ. ಬಾಪನಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಈ ಸಣ್ಣ ವ್ಯತ್ಯಾಸ ತಿರುವನಂತಪುರಕ್ಕೆ ಇನ್ನೂ ತಲೆಗೆ ಹತ್ತಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಸಿಗಬೇಕು ಎನ್ನುತ್ತದೆ. ಬಾಪನಿಗೆ ಬಂದ ಬಾಕಿಯ ಸಂದೇಶದಲ್ಲಿ ಒಂದು ಕನ್ನಡ ಅಕ್ಷರವಿಲ್ಲ. ತಂತ್ರಜ್ಞಾನಕ್ಕೆ ಕಷ್ಟ ಎನ್ನಬೇಡಿ. ಹಣ ಕಳಿಸುವ ಭೀಮ್ ಆ್ಯಪ್ ಕನ್ನಡದಲ್ಲಿದೆ.

ರಸೀದಿ ತೋರಿಸಿದವನ ಬಾಕಿಯನ್ನೂ ದಂಡವನ್ನೂ ಅಲ್ಲೇ ತಡೆಹಿಡಿಯಬೇಕು. ಕಟ್ಟಿಲ್ಲವೆಂದು ಸಾಬೀತು ಮಾಡುವ ಹೊಣೆ ಕಚೇರಿಯದು. ನಮ್ಮ ವಾರ್ಡಿನಲ್ಲಿ ಇಂಥ ಬಾಕಿ ಬಂದವರು ದಂಡ ಕಟ್ಟಿ ಕೈತೊಳೆದುಕೊಳ್ಳಬೇಡಿ, ರಸೀದಿ ಹಿಡಿದು ಒಟ್ಟಿಗೆ ಹೋಗೋಣ.

ನಾವು ನಾಲ್ಕು ಸಲ ಹೋಗಿದ್ದೇವೆ. ಎರಡು ವರ್ಷದ ಬಾಕಿ ಅಳಿಸಿದ್ದಾರೆ. ಉಳಿದ ಒಂದಕ್ಕೆ ಸೋಮವಾರ ಬರಲು ಹೇಳಿದ್ದಾರೆ.