ಶ್ರಮದಾನಕ್ಕೂ ಅಳತೆ ಬೇಕು

ಹೂಮಳೆ ಬಿದ್ದ ಮೇಲೆ, ಅಡಿಕೆಗೆ ಬೋರ್ಡೋ ಸಿಂಪಡಣೆ ಶುರುವಾಗುವ ಮುನ್ನ, ನಮಗೆ ತುಸು ಬಿಡುವುಂಟು. ಅಂಗವಿಕಲರ ಶಿಬಿರಗಳಲ್ಲಿ ಕಟ್ಟಡದ ಕೆಲಸಕ್ಕೆ ಇದೇ ಸಕಾಲ. ಆದರೆ ಹುಮ್ಮಸ್ಸಿನಿಂದ ಕಟ್ಟಿದ್ದೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಹಿಂದೊಮ್ಮೆ ನಾವೇ 2 ಅಡಿ ಎತ್ತರದ ಜಗಲಿಗೆ 8 ಅಡಿಯ ಇಳಿಜಾರು ಹಾಕಿ, ಹಾರ ಹಾಕಿಸಿಕೊಂಡು ಬಂದೆವು. ಗಾಲಿಕುರ್ಚಿಯವರು ಅದನ್ನು ಒಬ್ಬರೇ ಹತ್ತಲಾರರು. ಈಗ ಅದರ ಮೇಲೆ ಹಪ್ಪಳ ಒಣಗುತ್ತದೆ! ಅಡಿ ಏರಿಗೆ 12 ಅಡಿ ಉದ್ದ ಬೇಕು, ಅಂದರೆ 24 ಅಡಿ, ನಡುವೆ ನಿಲ್ಲಲು ಸಮತಟ್ಟು ಬೇರೆ. ಮೇಲ್ಮೈ ನುಣುಪಾಗಿದ್ದರೆ ಮಳೆಗಾಲದ ಪಾಚಿಗೆ ಜಾರುತ್ತದೆ. ಗಾರೆ ಕಲಸುವ ಮೊದಲು ಅಲ್ಲಿ ಇರುವವರನ್ನೇ ಕೇಳೋಣ. ಕಾಂಕ್ರೀಟಿಗೆ ವಾರವಾದರೂ ನೀರುಣಿಸಬೇಕಾದ್ದರಿಂದ ಭಾನುವಾರ ಹೋಗಿ ಸಂಜೆಗೆ ಮರಳುವ ಸೇವೆ ಸಾಲದು. ಸರದಿಯಂತೆ ಉಳಿಯಬಲ್ಲ ಸದಸ್ಯರು ಯುಗಾದಿಯೊಳಗೆ ಹೆಸರು ಕೊಡಲಿ.