ಹುಂಡೈ ಹೆಸರು ಯಾರ ಗಳಿಕೆ?

ಕೆಟ್ಟ ಹೆಸರು ಪಡೆದವನು ಒಳ್ಳೆಯ ಹೆಸರು ಗಳಿಸಿದರೆ ಯಾರೂ ಹೊಟ್ಟೆಕಿಚ್ಚು ಪಡಬೇಕಾದದ್ದಿಲ್ಲ. ದಕ್ಷಿಣ ಕೊರಿಯಾದ ಹುಂಡೈ ಕಾರು ಕಂಪನಿ ಅಂಥ ಹೆಸರನ್ನು ಗಳಿಸಿದೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ನಗೆಗೀಡಾಗಿದ್ದ ಈ ಕಂಪನಿ, 1998ರಲ್ಲಿ ತಾನು ಕೊಂಡುಕೊಂಡ ಕಿಯಾದೊಂದಿಗೆ ಸೇರಿ, 2022ರಲ್ಲಿ ಕಾರು ಮಾರಾಟದಲ್ಲಿ ಪ್ರಪಂಚದ ಮೂರನೆಯ ಸ್ಥಾನಕ್ಕೆ ಏರಿತು. ಇದು ಸಣ್ಣ ಮಾತಲ್ಲ. ಆದರೆ ಈ ಕಥೆಯನ್ನು ನಮಗೆ ಹೇಳುವವರು ಯಾರು, ಏನನ್ನು ಬಿಟ್ಟು ಹೇಳುತ್ತಾರೆ ಎಂಬುದನ್ನು ದುಡಿಯುವ ಜನ ಗಮನಿಸಬೇಕು.

ವ್ಯಾಪಾರ ವಿದ್ಯೆಯ ಪಂಡಿತರು ಹೇಳುವ ಕಥೆ ಬಹಳ ಸುಲಭವಾದದ್ದು. ಹಳೆಯ ಧಣಿ ಕಂಪನಿ ಕಟ್ಟಿದ, ಮಗ ಬಂದು ಗುಡುಗಿದ, ಕಾರ್ಖಾನೆ ನಡುಗಿತು, ಕಾರು ಸುಧಾರಿಸಿತು. ಆದುದರಿಂದ, ಕೆಲಸಗಾರರೇ, ತಲೆ ತಗ್ಗಿಸಿ ದುಡಿಯಿರಿ; ಸಂಘ, ಮುಷ್ಕರ ಎಂದು ಕೂಗಾಡಿ ಉದ್ಯಮ ಕೆಡಿಸಬೇಡಿ! ಇದು ಅವರ ಕಥೆಯ ನೀತಿ. ಇದರಲ್ಲಿ ಅರ್ಧ ಸುಳ್ಳಿದೆ, ಉಳಿದರ್ಧದಲ್ಲಿ ಮುಚ್ಚಿಟ್ಟ ಸತ್ಯವಿದೆ. ಲೆಕ್ಕದ ಪುಸ್ತಕ ಬಿಚ್ಚಿ ನೋಡೋಣ.

ಹುಂಡೈ ಮೋಟಾರ್ ಹುಟ್ಟಿದ್ದು 1967ರಲ್ಲಿ. ಕಟ್ಟಡದ ಗುತ್ತಿಗೆದಾರರಾಗಿ ಮೇಲೆ ಬಂದ ಚುಂಗ್ ಜು-ಯುಂಗ್ ಅದರ ಸ್ಥಾಪಕರು. 1968ರಲ್ಲಿ ಉಲ್ಸಾನ್ ಪಟ್ಟಣದಲ್ಲಿ ಫೋರ್ಡ್ ಕಂಪನಿಯ ಕಾರ್ಟೀನಾ ಕಾರಿನ ಬಿಡಿಭಾಗಗಳನ್ನು ತರಿಸಿ ಜೋಡಿಸುವುದೇ ಅವರ ಮೊದಲ ಕೆಲಸ. 1976ರಲ್ಲಿ ಮಾರಾಟಕ್ಕೆ ಬಂದ ‘ಪೋನಿ’ ಅವರ ಮೊದಲ ಸ್ವಂತ ಕಾರು. ಅದರ ರೂಪ ಇಟಲಿಯ ಜುಜಾರೋ ಕೊಟ್ಟದ್ದು, ಎಂಜಿನ್ ಜಪಾನಿನ ಮಿತ್ಸುಬಿಷಿಯದು, ಕೆಲಸ ಕಲಿಸಿದ ಮುಖ್ಯಸ್ಥ ಇಂಗ್ಲೆಂಡಿನ ಜಾರ್ಜ್ ಟರ್ನ್‌ಬುಲ್. ಬೆನ್ನ ಹಿಂದೆ ನಿಂತದ್ದು ಪಾರ್ಕ್ ಚುಂಗ್-ಹೀ ಅವರ ಸರಕಾರ. ಸ್ವಂತ ಕಾರು ಮಾಡಿರೆಂದು ಕಂಪನಿಗಳಿಗೆ ತಾಕೀತು ಮಾಡಿದ್ದು ಸರಕಾರ. ಬ್ಯಾಂಕಿನ ಸಾಲ ಒದಗಿಸಿದ್ದು ಸರಕಾರ. ಪರದೇಶದ ಕಾರಿಗೆ ಬಾಗಿಲು ಮುಚ್ಚಿದ್ದು ಸರಕಾರ. ಕೆಲಸಗಾರರ ಬಾಯಿ ಕಟ್ಟಿದ್ದೂ ಸರಕಾರವೇ. ಉದ್ಯಮದಲ್ಲಿ ಸರಕಾರ ಕೈ ಹಾಕಬಾರದೆಂದು ನಮಗೆ ಬೋಧಿಸುವವರು ಹುಂಡೈ ಪುರಾಣ ಓದುವಾಗ ಈ ಅಧ್ಯಾಯ ಬಂದೊಡನೆ ಪುಟ ಮಗುಚಿಬಿಡುತ್ತಾರೆ.

ಮುಂದೆ 1986. ‘ಎಕ್ಸೆಲ್’ ಎಂಬ ಕಾರನ್ನು ಹುಂಡೈ ಅಮೆರಿಕಕ್ಕೆ ಕಳುಹಿಸಿತು. ಬೆಲೆ 4,995 ಡಾಲರು. ಅಲ್ಲಿಯ ಮಟ್ಟಿಗೆ ಕಡಲೆಪುರಿಯ ಬೆಲೆ. ಮೊದಲ ವರ್ಷವೇ 1,68,882 ಕಾರುಗಳು ಮಾರಿದವು; 1988ರಲ್ಲಿ 2,60,000ಕ್ಕೂ ಹೆಚ್ಚು. ಆಮೇಲೆ ಬಣ್ಣ ಬಯಲಾಯಿತು. ತುಕ್ಕು, ಕೆಟ್ಟು ನಿಲ್ಲುವ ಎಂಜಿನ್, ಮತ್ತೆ ಮತ್ತೆ ದುರಸ್ತಿ. ಕೊಂಡವರು ಸಾಲದ ಕಂತು ತೀರುವ ಮೊದಲೇ ಕಾರನ್ನು ಶಪಿಸಿದರು. ಟೆಲಿವಿಷನ್ನಿನ ಹಾಸ್ಯಗಾರರಿಗೆ ಹುಂಡೈ ಎಂಬ ಹೆಸರೇ ನಗೆಚಾಟಿಕೆಯಾಯಿತು. 1998ರ ಹೊತ್ತಿಗೆ ಅಮೆರಿಕದ ಮಾರಾಟ ಸುಮಾರು 90,000ಕ್ಕೆ ಇಳಿದಿತ್ತು.

ಈ ಕೆಟ್ಟ ಕಾರನ್ನು ಮಾಡಿಸಿದ ಕಾರ್ಖಾನೆ ಹೇಗಿತ್ತು ಗೊತ್ತೆ? ಅಲ್ಲಿ ಕೆಲಸಗಾರರ ಸ್ವತಂತ್ರ ಸಂಘವಿರಲಿಲ್ಲ. 1987ರಲ್ಲಿ ಉಲ್ಸಾನ್‌ನ ಹುಂಡೈ ಸಮೂಹದ ಕೆಲಸಗಾರರು ಬೀದಿಗೆ ಬಂದಾಗ ಅವರ ಬೇಡಿಕೆಗಳಲ್ಲಿ ಒಂದು, ತಲೆಗೂದಲನ್ನು ತಮ್ಮ ಇಷ್ಟದಂತೆ ಬಿಡಲು ಅವಕಾಶ ಕೊಡಬೇಕೆಂಬುದು! ವಯಸ್ಸಿಗೆ ಬಂದ ಗಂಡಸರು, ಹೆಂಡತಿ ಮಕ್ಕಳಿರುವವರು, ಕ್ರಾಪಿನ ಉದ್ದಕ್ಕೂ ಧಣಿಯ ಅಪ್ಪಣೆ ಪಡೆಯಬೇಕಾಗಿತ್ತು. ತನ್ನ ತಲೆಗೂದಲಿಗೇ ಒಡೆಯನಲ್ಲದವನು, “ಸ್ವಾಮಿ, ಈ ಭಾಗ ಸರಿಯಿಲ್ಲ, ಕೆಲಸ ನಿಲ್ಲಿಸಿ” ಎಂದು ಮೇಸ್ತ್ರಿಯ ಮುಂದೆ ಬಾಯಿ ಬಿಟ್ಟಾನೆಯೇ? ಎಷ್ಟು ಕಾರು ಹೊರಬಿತ್ತೆಂಬ ಲೆಕ್ಕವೊಂದೇ ಮುಖ್ಯವಾದಲ್ಲಿ ಮಾಲು ಹೇಗೆ ಹೊರಬೀಳುತ್ತದೆಂಬುದನ್ನು ನಮ್ಮ ಗಿರಣಿಯ ಬಂಧುಗಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಆ 1987ರ ಬೇಸಗೆಯಲ್ಲಿ ಕೊರಿಯಾದಾದ್ಯಂತ 3,000ಕ್ಕೂ ಹೆಚ್ಚು ಕಾರ್ಮಿಕ ಹೋರಾಟಗಳು ನಡೆದವು. ಹುಂಡೈ ಮೋಟಾರಿನಲ್ಲಿ ಸಂಘ ಹುಟ್ಟಿದ್ದು ಆಗಲೇ. ಸಂಘ ಕಟ್ಟಿದ ಮರುದಿನವೇ ಕಾರು ಸುಧಾರಿಸಿತೆಂದು ನಾವು ಬುರುಡೆ ಬಿಡುವುದಿಲ್ಲ. ಆದರೆ ಸಂಘ ಬಂದರೆ ಉದ್ಯಮ ಹಾಳಾಗುತ್ತದೆಂದು ಬುರುಡೆ ಬಿಡುವವರು ಇದಕ್ಕೆ ಉತ್ತರ ಕೊಡಲಿ: ನಗೆಗೀಡಾದ ಎಕ್ಸೆಲ್ ಕಾರು ಅಮೆರಿಕಕ್ಕೆ ಹೊರಟದ್ದು ಸಂಘವಿಲ್ಲದ ಕಾರ್ಖಾನೆಯಿಂದ. ಗೌರವ ಪಡೆದ ಕಾರುಗಳು ಉಲ್ಸಾನ್‌ನಿಂದ ಹೊರಟದ್ದು, ಕೊರಿಯಾದ ಅತ್ಯಂತ ಗಟ್ಟಿ ಸಂಘಗಳಲ್ಲೊಂದು ಬಾಗಿಲ ಒಳಗೆ ನಿಂತಿದ್ದಾಗ. ಮುಷ್ಕರದ ಮೇಲೆ ಮುಷ್ಕರ ನಡೆಯುತ್ತಿದ್ದಂತೆಯೇ ಕಂಪನಿ ಮೇಲೇರಿತು. ಇದರ ಮುಂದೆ ಅವರ ನೀತಿಪಾಠಕ್ಕೆ ಏನು ಬೆಲೆ?

ಇನ್ನು ಕಾರು ಸುಧಾರಿಸಿದ್ದು ಹೇಗೆ? ಇಲ್ಲಿ ಅಂಗಡಿಯ ಗೆಳೆಯರು ಕಿವಿಗೊಡಬೇಕು. 1998ರ ಕೊನೆಯಲ್ಲಿ ಹುಂಡೈ ಅಮೆರಿಕದ ಗಿರಾಕಿಗಳಿಗೆ ಒಂದು ಖಾತರಿ ಬರೆದುಕೊಟ್ಟಿತು. ಎಂಜಿನ್ ಮತ್ತು ಗೇರು ಪೆಟ್ಟಿಗೆಗೆ 10 ವರ್ಷ ಇಲ್ಲವೆ 1 ಲಕ್ಷ ಮೈಲಿ. ಅಷ್ಟರೊಳಗೆ ಕೆಟ್ಟರೆ ದುರಸ್ತಿಯ ಖರ್ಚು ಕಂಪನಿಯದು. ಬಾಯಿಮಾತಲ್ಲ, ಕಾಗದದ ಮೇಲಿನ ಮಾತು. ತಪ್ಪಿದರೆ ಕೋರ್ಟಿಗೆ ಎಳೆಯಬಹುದಾದ ಮಾತು. ಅಂದಿನಿಂದ ಸಡಿಲವಾದ ಒಂದೊಂದು ತಿರುಪೂ ಧಣಿಯ ಪೆಟ್ಟಿಗೆಗೆ ಕೈ ಹಾಕತೊಡಗಿತು. 1999ರಲ್ಲಿ ಆಡಳಿತ ವಹಿಸಿಕೊಂಡ ಮಗ ಚುಂಗ್ ಮೊಂಗ್-ಕೂ ಗುಣಮಟ್ಟ ನೋಡುವ ವಿಭಾಗಕ್ಕೆ ಜನರನ್ನೂ ಅಧಿಕಾರವನ್ನೂ ಹೆಚ್ಚಿಸಿದರು. ಅದು ನಿಜ, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯ ಲೆಕ್ಕದಂತೆ 1998ರಲ್ಲಿ ಕೊರಿಯಾದ 100 ಹೊಸ ಕಾರುಗಳಿಗೆ 272 ದೋಷಗಳಿದ್ದವು, 2004ರಲ್ಲಿ 117. ಆ ವರ್ಷ ಹುಂಡೈ ಜಪಾನಿನ ಹೋಂಡಾಕ್ಕೆ ಸರಿಸಮನಾಗಿ ನಿಂತಿತು.

ಪಾಠವೇನು? ಧಣಿಯನ್ನು ತಿದ್ದಿದ್ದು ಧರ್ಮೋಪದೇಶವಲ್ಲ. ಗಿರಾಕಿಯ ಕೈಯಲ್ಲಿ ಹಕ್ಕುಪತ್ರವಿದ್ದಾಗ, ಕೆಟ್ಟ ಮಾಲಿನ ದಂಡ ಮಾಡಿಸಿದವನ ತಲೆಗೇ ಬಂದಾಗ, ಅಗ್ಗದ ಮಾಲೂ ಒಳ್ಳೆಯ ಮಾಲಾಗುತ್ತದೆ. ಬಡವನಿಗೆ ಅಗ್ಗದ್ದು, ಅಗ್ಗದ್ದಾದ್ದರಿಂದ ಕಳಪೆಯದು, ಅದು ಅವನ ಹಣೆಬರಹ ಎನ್ನುವ ಮಾತು ಹಸಿ ಸುಳ್ಳೆಂದು ಹುಂಡೈಯೇ ಸಾಕ್ಷಿ ನುಡಿದಿದೆ.

ಆದರೆ ಅದೇ 1998ರ ಇನ್ನೊಂದು ಪುಟವನ್ನೂ ಓದಬೇಕು. ಹಿಂದಿನ ವರ್ಷದ ಹಣಕಾಸಿನ ಮುಗ್ಗಟ್ಟಿನ ನೆಪದಿಂದ ಕಂಪನಿ ಸಾವಿರಾರು ಕೆಲಸಗಾರರನ್ನು ಹೊರಹಾಕಲು ಹೊರಟಿತು. ಉಲ್ಸಾನ್ ಕಾರ್ಖಾನೆಯಲ್ಲಿ ಕೆಲಸಗಾರರು ಹೆಂಡತಿ ಮಕ್ಕಳೊಡನೆ ಠಿಕಾಣಿ ಹೂಡಿ ಹೋರಾಡಿದರು. ಆಗಸ್ಟ್ ತಿಂಗಳಲ್ಲಿ ಒಪ್ಪಂದವಾಯಿತು. ನೇರವಾಗಿ ವಜಾ ಆದವರು 277 ಮಂದಿ; ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಾರ್ಖಾನೆಯ ಊಟದ ಮನೆಯಲ್ಲಿ ಅನ್ನ ಬೇಯಿಸುತ್ತಿದ್ದ ಹೆಂಗಸರು! ಕಾರಿಗೆ ಹತ್ತು ವರ್ಷದ ಖಾತರಿ ಬರೆದ ವರ್ಷವೇ ಅನ್ನವಿಕ್ಕಿದ ಕೈಗೆ ನಾಳೆಯ ಖಾತರಿಯೂ ಇಲ್ಲವಾಯಿತು. ಆ ಹೆಂಗಸರ ಹೆಸರು ಒಪ್ಪಂದದಲ್ಲಿ ಬಂದಾಗ ಸಂಘದ ಮುಖಂಡರೂ ಕೈ ಹಿಡಿಯಲಿಲ್ಲ ಎಂಬುದನ್ನು ಸಮಾಜವಾದಿಗಳಾದ ನಾವು ಮರೆಮಾಚಬಾರದು. ಕೊನೆಯ ಸಾಲಿನವರನ್ನು ಬಿಟ್ಟುಕೊಟ್ಟು ಮೊದಲ ಸಾಲಿನವರನ್ನು ಉಳಿಸಿಕೊಳ್ಳುವ ಸಂಘ ತನ್ನ ಬೇರನ್ನು ತಾನೇ ಕಡಿದುಕೊಳ್ಳುತ್ತದೆ.

ಅದರ ಫಲ ಬೇಗನೆ ಕಾಣಿಸಿತು. ಕಂಪನಿಯ ಒಳಗೇ ಗುತ್ತಿಗೆದಾರರ ಮೂಲಕ ಆಳುಗಳನ್ನು ತುಂಬಲಾಯಿತು. ಒಂದೇ ಕಾರಿನ ಎಡಗಡೆಯ ಚಕ್ರ ಜೋಡಿಸುವವನು ಕಂಪನಿಯ ಕೆಲಸಗಾರ, ಬಲಗಡೆಯ ಚಕ್ರ ಜೋಡಿಸುವವನು ಗುತ್ತಿಗೆಯಾಳು ಎಂಬ ಮಾತು ಕೊರಿಯಾದಲ್ಲಿ ಮನೆಮಾತಾಯಿತು. ಕೆಲಸ ಒಂದೇ, ಕೂಲಿ ಬೇರೆ. ಎರಡು ವರ್ಷಕ್ಕೂ ಹೆಚ್ಚು ದುಡಿದ ಇಂಥವನು ಹುಂಡೈಯ ಕೆಲಸಗಾರನೇ ಸರಿ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು. ಕಂಪನಿ ಅದನ್ನು ಎಲ್ಲರಿಗೂ ಅನ್ವಯಿಸಲು ಒಪ್ಪಲಿಲ್ಲ. 2012ರ ಅಕ್ಟೋಬರಿನಲ್ಲಿ, ಆ ಮೊಕದ್ದಮೆ ಗೆದ್ದ ಕೆಲಸಗಾರನೇ ಒಬ್ಬ ಸಂಗಾತಿಯೊಡನೆ ಉಲ್ಸಾನ್ ಕಾರ್ಖಾನೆಯ ಬಳಿಯ ವಿದ್ಯುತ್ ಗೋಪುರ ಹತ್ತಿ ಕುಳಿತ. ಚಳಿ, ಮಳೆ, ಬಿಸಿಲೆನ್ನದೆ 296 ದಿನ! 2022ರಲ್ಲಿ ಹುಂಡೈ, ಕಿಯಾಗಳ 400ಕ್ಕೂ ಹೆಚ್ಚು ಗುತ್ತಿಗೆ ಕೆಲಸಗಾರರ ಪರವಾಗಿ ಅದೇ ನ್ಯಾಯಾಲಯ ಮತ್ತೆ ತೀರ್ಪು ಬರೆಯಬೇಕಾಯಿತು.

ಧಣಿಗೆ ನ್ಯಾಯ ಹೇಗೆ ಸಿಕ್ಕಿತು ನೋಡಿ. ಕಂಪನಿಯ ಹಣ ದುರುಪಯೋಗಪಡಿಸಿದ್ದಕ್ಕಾಗಿ 2007ರಲ್ಲಿ ಚುಂಗ್ ಮೊಂಗ್-ಕೂ ಅವರಿಗೆ ಮೂರು ವರ್ಷದ ಸಜೆಯಾಯಿತು. ಅದೇ ವರ್ಷ ಮೇಲಿನ ಕೋರ್ಟು ಸಜೆಯನ್ನು ಅಮಾನತಿನಲ್ಲಿಟ್ಟಿತು. 2008ರಲ್ಲಿ ಅಧ್ಯಕ್ಷ ಲೀ ಮ್ಯುಂಗ್-ಬಾಕ್ ಕ್ಷಮಾದಾನ ಕೊಟ್ಟರು. ಈ ಲೀ ಯಾರು? ಹಿಂದೆ ಹುಂಡೈ ಸಮೂಹದ ಕಟ್ಟಡ ಕಂಪನಿಯ ಮುಖ್ಯಸ್ಥರಾಗಿದ್ದವರು! ತೀರ್ಪು ಗೆದ್ದ ಕೂಲಿಗಾರನಿಗೆ ಕಬ್ಬಿಣದ ಗೋಪುರ, ತಪ್ಪಿತಸ್ಥನಾದ ಧಣಿಗೆ ಮರಳಿ ಗಾದಿ. ಗಳಿಸಿದ ಹೆಸರಿನ ಮೇಲೂ ಕಣ್ಣಿಟ್ಟಿರಬೇಕೆಂಬುದಕ್ಕೆ ಇನ್ನೊಂದು ನಿದರ್ಶನ: ಸುಮಾರು 12 ಲಕ್ಷ ಕಾರುಗಳ ಮೈಲೇಜನ್ನು ಉಬ್ಬಿಸಿ ಹೇಳಿದ್ದಕ್ಕಾಗಿ ಹುಂಡೈ ಮತ್ತು ಕಿಯಾ 2014ರಲ್ಲಿ ಅಮೆರಿಕದ ಸರಕಾರಕ್ಕೆ 10 ಕೋಟಿ ಡಾಲರು ದಂಡ ತೆರಲು ಒಪ್ಪಬೇಕಾಯಿತು.

ಇದು ದೂರದ ಊರಿನ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರುಂಬುದೂರಿನ ಬಳಿ, ಹುಂಡೈ ಕಾರ್ಖಾನೆ ಇದೆ. 1998ರಲ್ಲಿ ಅಲ್ಲಿಂದ ‘ಸ್ಯಾಂಟ್ರೋ’ ಹೊರಬಿತ್ತು. ನಮ್ಮ ದೇಶದಲ್ಲಿ ಹುಂಡೈ ಹೆಸರು ಬೇರೂರಿದ್ದು ಆ ಪುಟ್ಟ ಕಾರಿನಿಂದ. ಆ ಕಾರ್ಖಾನೆಯ ಕೆಲಸಗಾರರು ಸಂಘಕ್ಕೆ ಮಾನ್ಯತೆ ಕೊಡಿ, ವಜಾ ಮಾಡಿದವರನ್ನು ಮರಳಿ ತೆಗೆದುಕೊಳ್ಳಿ ಎಂದು 2009ರಲ್ಲೂ 2010ರಲ್ಲೂ ಮುಷ್ಕರ ಹೂಡಬೇಕಾಯಿತು. ಉಲ್ಸಾನ್‌ನಲ್ಲಿ ಸಂಘದೊಡನೆ ಕೂತು ಮಾತಾಡಲು ಕಲಿತ ಕಂಪನಿಗೆ ತಮಿಳು ನೆಲದಲ್ಲಿ ಆ ವಿದ್ಯೆ ಮರೆತುಹೋಯಿತೆ?

2024ರ ಅಕ್ಟೋಬರಿನಲ್ಲಿ ಈ ಭಾರತದ ಕಂಪನಿಯ ನೂರಕ್ಕೆ 17.5 ಪಾಲನ್ನು ಷೇರುಪೇಟೆಯಲ್ಲಿ ಮಾರಲಾಯಿತು. ಬಂದ ಹಣ 27,870 ಕೋಟಿ ರೂಪಾಯಿ. ನಮ್ಮ ದೇಶದಲ್ಲಿ ಅದುವರೆಗೆ ನಡೆದ ಷೇರು ಮಾರಾಟಗಳಲ್ಲೆಲ್ಲ ದೊಡ್ಡದು. ಅದರಲ್ಲಿ ಹೊಸ ಯಂತ್ರಕ್ಕೆ, ಹೊಸ ಕೆಲಸಕ್ಕೆ ಎಂದು ಭಾರತದ ಕಂಪನಿಯ ಪೆಟ್ಟಿಗೆಗೆ ಬಿದ್ದದ್ದೆಷ್ಟು? ಒಂದು ಕಾಸೂ ಇಲ್ಲ. ಮಾರಿದ್ದು ಕೊರಿಯಾದ ಮೂಲ ಕಂಪನಿ, ಹಣ ಹೋದದ್ದೂ ಅಲ್ಲಿಗೇ. ಕಾನೂನಿನ ಪ್ರಕಾರ ಎಲ್ಲವೂ ಸರಿಯೇ ಇರಬಹುದು. ಆದರೆ ಪೇಟೆಯಲ್ಲಿ ಬಿಕರಿಯಾದದ್ದು ಬರೀ ಗೋಡೆ, ಯಂತ್ರಗಳಲ್ಲ. ಇಪ್ಪತ್ತಾರು ವರ್ಷ ಕೆಲಸಗಾರರು ತಿರುಪು ಬಿಗಿದು, ಗಿರಾಕಿಗಳು ಉಳಿತಾಯ ಸುರಿದು, ಊರೂರಿನ ಮೆಕ್ಯಾನಿಕ್ಕುಗಳು ಮಾತು ಉಳಿಸಿ ಕಟ್ಟಿದ ಹೆಸರೂ ಬಿಕರಿಯಾಯಿತು. ಬಿತ್ತಿದವರು ಹಲವರು, ಕಣದಲ್ಲಿ ರಾಶಿ ಅಳೆದವನು ಒಬ್ಬ.

ಆದುದರಿಂದ ಹುಂಡೈಯನ್ನು ಬೈಯುವುದಷ್ಟೇ ನಮ್ಮ ಕೆಲಸವಲ್ಲ, ಅದರಿಂದ ಕಲಿಯಬೇಕು. ಒಂದೇ ಕೆಲಸಕ್ಕೆ ಒಂದೇ ಕೂಲಿ. ವರ್ಷಗಟ್ಟಲೆ ದುಡಿದ ಗುತ್ತಿಗೆಯಾಳಿಗೆ ಕಾಯಂ ಕೆಲಸ. ಕೆಲಸಗಾರರು ಆರಿಸಿದ ಸಂಘಕ್ಕೆ ಕಡ್ಡಾಯ ಮಾನ್ಯತೆ. ಬಡವ ಕೊಳ್ಳುವ ಪಂಪು, ಹೊಲಿಗೆ ಯಂತ್ರ, ಮೋಟಾರು ಸೈಕಲ್ಲುಗಳಿಗೂ ಬರಹದ ದೀರ್ಘ ಖಾತರಿ—ಇವು ನಮ್ಮ ಬೇಡಿಕೆಗಳು. ಕೊನೆಯದು ಅಂಗಡಿಯವರ ಬೇಡಿಕೆಯೂ ಹೌದು. ಕಂಪನಿ ಮಾಡಿದ ಕಳಪೆ ಮಾಲಿಗೆ ಗಿರಾಕಿಯ ಬೈಗುಳ ತಿನ್ನುವವರು ಅವರೇ ತಾನೆ? ಗಿರಣಿಯ ಕೆಲಸಗಾರನೂ ಬೀದಿಯ ವರ್ತಕನೂ ಈ ಬೇಡಿಕೆಗಳನ್ನು ಒಟ್ಟಿಗೆ ಎತ್ತಬೇಕು. ಮುಂದಿನ ಸಲ ಯಾವನಾದರೂ ಪಂಡಿತ ಬಂದು ಒಬ್ಬ ಧಣಿಯ ಛಲದಿಂದ ಒಂದು ಕಂಪನಿ ಎದ್ದು ನಿಂತಿತೆಂದರೆ, ಆ ಕಾರಿನ ಬಲಗಡೆಯ ಚಕ್ರ ಜೋಡಿಸಿದವನಿಗೆ ಎಷ್ಟು ಕೂಲಿ ಕೊಟ್ಟರೆಂದು ಅವನನ್ನು ಕೇಳಿ.