ಮನೆಯ ಜಾಲಕ್ಕೊಂದು ಕವಲು



ಮಂಗಳೂರಿನ ಕದ್ರಿಯಲ್ಲಿ ನೆಲೆಸಿರುವ ಧಾರವಾಡ ಸೀಮೆಯ ಕುಟುಂಬವೊಂದರಲ್ಲಿ ಈಚೆಗೆ ನಾವು ಪ್ರಸಾದ ಸ್ವೀಕರಿಸಿದೆವು. ಮುರಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆ. ಇಂಟರ್‌ನೆಟ್ಟಿನ ರೂಟರ್ ಮಹಡಿಯ ಮೇಲಿದೆ. ಅದರ ನಾಲ್ಕು ಪೋರ್ಟ್‌ಗಳಲ್ಲಿ ಮೂರು ಮಗ, ಸೊಸೆ, ಮೊಮ್ಮಗನ ಕಂಪ್ಯೂಟರುಗಳಿಗೆ. ನಾಲ್ಕನೆಯದರ ತಂತಿ ಕೆಳಗಿನ ಪಡಸಾಲೆಯ ಟಿ.ವಿ.ಗೆ. ಪಕ್ಕದ ಕೋಣೆಗೆ ವೈಫೈ ಸರಿಯಾಗಿ ತಲುಪದು. ಸೋಮವಾರದ ಪ್ರವಚನವು ಪದೇ ಪದೇ ತುಂಡಾಗುತ್ತಿದ್ದುದರಿಂದ ಮನೆಯ ಹಿರಿಯ ತಾಯಿಯವರು ಕೇಳುವುದನ್ನೇ ಬಿಟ್ಟಿದ್ದರು. "ನನಗ್ಯಾಕಪಾ ಅದು? ದುಡಿಯೋರಿಗೆ ಇರ್ಲಿ" ಎಂದರಂತೆ.

ಪರಿಹಾರವು ಐದು ಪೋರ್ಟ್‌ಗಳ ಒಂದು ಸ್ವಿಚ್. ಟಿ.ವಿ.ಗೆ ಬರುತ್ತಿದ್ದ ತಂತಿಯನ್ನೇ ಸ್ವಿಚ್ಚಿಗೆ ಜೋಡಿಸಿ, ಅಲ್ಲಿಂದ ಒಂದು ಕವಲನ್ನು ಟಿ.ವಿ.ಗೂ ಇನ್ನೊಂದನ್ನು ತಾಯಿಯವರ ಕೋಣೆಯ ಕಂಪ್ಯೂಟರಿಗೂ ಕೊಟ್ಟರೆ ಎರಡು ಪೋರ್ಟ್‌ಗಳು ಉಳಿಯುತ್ತವೆ. ಹಿಂದಿನ ಹಬ್ ಎಂಬ ಪೆಟ್ಟಿಗೆಯು ಒಬ್ಬರ ಓಲೆಯನ್ನು ಎಲ್ಲರ ಬಾಗಿಲಿಗೂ ಎಸೆಯುತ್ತಿತ್ತು. ಸ್ವಿಚ್ ವಿಳಾಸವನ್ನು ಅರಿತು ಸಲ್ಲಬೇಕಾದವರಿಗೇ ಸಲ್ಲಿಸುತ್ತದೆ. ಇಂತಹ ಈಥರ್ನೆಟ್ ಸ್ವಿಚ್ಚನ್ನು ೧೯೯೦ರಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು 'ಕಲ್ಪನಾ'. ಸ್ಥಾಪಕರಲ್ಲೊಬ್ಬರಾದ, ಭಾರತ ಮೂಲದ ವಿನೋದ್ ಭಾರದ್ವಾಜರು ತಮ್ಮ ಪತ್ನಿಯ ಹೆಸರನ್ನೇ ಅದಕ್ಕಿಟ್ಟಿದ್ದರು.

ಕೆಲವು ಎಚ್ಚರಗಳು ಅವಶ್ಯ. ಸ್ವಿಚ್ ಇಂಟರ್‌ನೆಟ್ಟಿನ ವೇಗವನ್ನು ಹೆಚ್ಚಿಸದು, ಇರುವುದನ್ನು ಹಂಚುತ್ತದೆ. ಆ ಮನೆಯ ಮೊಮ್ಮಗ ವೇಗ ಇಮ್ಮಡಿಯಾದೀತೆಂದು ರೂಟರಿನಿಂದ ಸ್ವಿಚ್ಚಿಗೆ ಎರಡು ತಂತಿಗಳನ್ನು ಎಳೆದ. ಸಂದೇಶಗಳು ಆ ಸುತ್ತಿನಲ್ಲೇ ಕೊನೆಯಿಲ್ಲದೆ ತಿರುಗಿ ಇಡೀ ಮನೆಯ ಜಾಲವೇ ಸ್ತಬ್ಧವಾಯಿತು; ಒಂದನ್ನು ಕಿತ್ತೊಡನೆ ಸರಿಹೋಯಿತು. ತಾಮ್ರದ ತಂತಿಯ ಒಂದು ಎಳೆ ೧೦೦ ಮೀಟರ್ ಮೀರಬಾರದು. ಅಂಗಳದಾಚೆಯ ಕಟ್ಟಡಕ್ಕೆ ಒಯ್ಯುವುದಾದರೆ ತಾಮ್ರ ಬೇಡ. ಮಳೆಗಾಲದ ಮುನ್ನ ಕರಾವಳಿಯಲ್ಲಿ ಎರಗುವ ಸಿಡಿಲು ಅದರ ಮೂಲಕ ಉಪಕರಣಗಳನ್ನು ಸುಟ್ಟೀತು. ಗಾಜಿನ ಎಳೆಯ ಫೈಬರ್ ತಂತಿಯಲ್ಲಿ ವಿದ್ಯುತ್ ಹರಿಯದು. ಲೋಹದ ಆಧಾರವಿಲ್ಲದ ಫೈಬರನ್ನೇ ಆರಿಸಿರಿ.

ಮರುವಾರ ತಾಯಿಯವರು ಪ್ರವಚನವನ್ನು ಆದ್ಯಂತ ಕೇಳಿದರೆಂದು ತಿಳಿದು ನಮಗೆ ಸಂತೋಷವಾಯಿತು. ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ಅಲ್ಲ, ಸಂಕೋಚದಿಂದ ಎದ್ದು ಹೋದವರನ್ನು ಕರೆತಂದು ಕೂರಿಸುವುದೂ ಹೌದು. ನಿಮ್ಮ ಮನೆಯಲ್ಲಿ "ನನಗೆ ಬೇಡ" ಎಂದವರು ಯಾರಿದ್ದಾರೆಂದು ಈ ತಿಂಗಳು ಒಮ್ಮೆ ವಿಚಾರಿಸಿರಿ.